ಜಗಲಿಯ ಮೇಲಿನ ಸಣ್ಣ ಪೋಥಿ

ನಮ್ಮಕ್ಕನ ರೊಟ್ಟಿ ಯಾಕೆ ಸೀಯುತ್ತದೆ ಎಂಬ ಪ್ರಶ್ನೆಗೆ ಇಪ್ಪತ್ತಾರು ವರ್ಷಗಳ ಮೇಲೆ ಮೊನ್ನೆ ಉತ್ತರ ಸಿಕ್ಕಿತು.

ದಿನಕ್ಕೆ ಒಂದಾದರೂ ರೊಟ್ಟಿ ಕರ್ರಗಾಗಬೇಕು. ಕರಜಗಿಯ ಅವರ ಮನೆಯಲ್ಲಿ ಅದು ಸೂರ್ಯ ಹುಟ್ಟಿದಷ್ಟೇ ಖಾತ್ರಿ. ಹಂಚು ಬದಲಿಸಿದರು. ಒಲೆ ಹೋಗಿ ಗ್ಯಾಸ್ ಬಂತು. ಹಳೇ ಜೋಳ, ಹೊಸ ಜೋಳ ಎಲ್ಲ ನೋಡಿದ್ದಾಯಿತು. ಕಡೆಗೆ ಅಕ್ಕನ ಅತ್ತೆ ಗಂಗಮ್ಮನವರು, "ಇಕಿ ಕೈಗುಣಾನೇ ಹಂಗ ಅದ, ಬಿಡ್ರಿ" ಎಂದು ಸುಮ್ಮನಾದರು. ಅಂದಿನಿಂದ ಸೀದ ರೊಟ್ಟಿ ಎಮ್ಮೆಯ ಪಾಲು.

ಆ ಉತ್ತರ ಸಿಕ್ಕಿದ್ದೆಲ್ಲಿ ಗೊತ್ತೇ? ಒಂದು ಆನ್‌ಲೈನ್ ಬುಕ್ ಕ್ಲಬ್ಬಿನಲ್ಲಿ. (ನಗಬೇಡಿ. ಆಳಂದದಲ್ಲೂ ನೆಟ್‌ವರ್ಕ್ ಇರುತ್ತದೆ. ಕೆಲವು ಸಲ.)

ನಾನು ಆಳಂದದ ಪಿಯು ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುವವಳು ಎಂಬುದು ಈ ಅಂಕಣ ಓದುವ ನಿಮಗೆಲ್ಲ ಗೊತ್ತು. ನನಗೆ ಓದುವ ಚಟವಿದೆ. ಓದಿಸುವ ಚಟವೂ ಇದೆ. ಎರಡನೆಯದು ಮೊದಲನೆಯದಕ್ಕಿಂತ ಕೆಟ್ಟದ್ದು ಅಂತ ನನ್ನ ಯಜಮಾನರು ಹೇಳುತ್ತಾರೆ. ಒಂದು ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಕೂತು ಕಿಟಕಿಯಾಚೆ ನೋಡುತ್ತಿದ್ದೆ. ತೊಗರಿ ಹೂ ಬಿಟ್ಟಿತ್ತು. ಹೊಲವೆಲ್ಲ ಹಳದಿ. ಆ ಹಳದಿ ನೋಡುತ್ತ ನೋಡುತ್ತ ನನಗೆ ಏನೇನೋ ಕನಸು. ಮೂರು ತಾಲ್ಲೂಕಿನ ಜನ, ಒಂದೇ ಪುಸ್ತಕ, ಭಾನುವಾರದ ಇಳಿಹೊತ್ತು, ಎಲ್ಲರ ಕೈಯಲ್ಲೂ ಚಹಾ, ಎಲ್ಲರ ಬಾಯಲ್ಲೂ ಸಾಹಿತ್ಯ! ಬೆಲ್ ಹೊಡೆಯುವುದರೊಳಗೆ ಗ್ರೂಪ್ ಮಾಡಿಯೇಬಿಟ್ಟೆ. ಹೆಸರು ‘ಮೂರೂರ ಓದು’. ಆಳಂದ, ಅಫಜಲಪುರ, ಜೇವರ್ಗಿ. ಅಡ್ಮಿನ್ ನಾನು.

ಒಟ್ಟು ಒಂಬತ್ತು ಮಂದಿ. ಎಂಟು ಆಗಿತ್ತು, ಒಂಬತ್ತು ಶುಭ ಅಂತ ಅಕ್ಕ ಶಕುಂತಲಾಳನ್ನೂ ಸೇರಿಸಿದೆ. ನಿಜ ಹೇಳಬೇಕೆಂದರೆ ಅವಳು ಓದುತ್ತಾಳೆ ಎಂಬ ಭರವಸೆ ನನಗೆ ಇರಲಿಲ್ಲ. ಲೆಕ್ಕಕ್ಕಿರಲಿ ಅಂತ ಸೇರಿಸಿದ್ದು.

ಇನ್ನು ಮೊದಲ ಪುಸ್ತಕ ಆರಿಸಬೇಕಲ್ಲ. ಅಲ್ಲಿಂದ ಶುರುವಾಯಿತು ನೋಡಿ.

"ಇನ್ನೂರು ಪುಟದ ಮ್ಯಾಲಿಂದು ಬ್ಯಾಡ್ರಿ ಮೇಡಂ" ಎಂದರು ಜೇವರ್ಗಿಯಲ್ಲಿ ಮೆಡಿಕಲ್ ಶಾಪ್ ಇಟ್ಟಿರುವ ಶರಣಪ್ಪ. "ಅಳೂದು ಇರೂದು ಬ್ಯಾಡ, ಮನ್ಯಾಗ ಅದು ಸಾಕಷ್ಟದ" ಎಂದರು ಅಫಜಲಪುರದ ನೀಲಮ್ಮ ಟೀಚರ್. ಒಬ್ಬರಿಗೆ ಹಳೆಯದು ಬೇಕು, ಒಬ್ಬರಿಗೆ ಹೊಸದು. ಒಬ್ಬರು ಪುಸ್ತಕದ ಬದಲು ತೊಗರಿ ರೇಟಿನ ಮೆಸೇಜು ಹಾಕಿ, ಡಿಲೀಟ್ ಮಾಡಿ, ‘ಸಾರಿ’ ಅಂದರು. ಇನ್ನೊಬ್ಬರು ದಿನವೂ ಬೆಳಿಗ್ಗೆ ಗುಲಾಬಿ ಹೂ ಕಳಿಸುವುದನ್ನೇ ಓದು ಅಂದುಕೊಂಡಿದ್ದರು. ನಾನು ಪೋಲ್ ಇಟ್ಟೆ. ಬುದ್ಧಿವಂತರು ಓದುವಂಥ ಒಂದು ದಪ್ಪ ಪುಸ್ತಕವನ್ನು ಎಲ್ಲಕ್ಕಿಂತ ಮೇಲೆ ಹಾಕಿದೆ. ಅದಕ್ಕೆ ಒಂದು ಓಟು ಬಿತ್ತು. ಯಾರದಿರಬಹುದು?

ಹನ್ನೊಂದು ದಿನ ಹೀಗೇ ಹೋಯಿತು. ಪುಸ್ತಕ ಆರಿಸುವ ಮಾತಿನಲ್ಲೇ ಅರ್ಧ ಪುಸ್ತಕದಷ್ಟು ಮೆಸೇಜು ಬರೆದೆವು. ಹನ್ನೆರಡನೆಯ ದಿನ, ಅಲ್ಲಿಯವರೆಗೂ ಒಂದು ಚಕಾರವನ್ನೂ ಎತ್ತದ ಅಕ್ಕನಿಂದ ಒಂದು ವಾಯ್ಸ್ ನೋಟ್ ಬಂತು. ಹಿಂದೆ ರೊಟ್ಟಿ ಬಡಿಯುವ ಸಪ್ಪಳ.

"ನಂದೊಂದು ಮಾತ ಕೇಳ್ರಿ. ಹೊಸಾದು ಯಾಕ ಹುಡಕ್ತೀರಿ? ನಾ ಅರ್ಧಾ ಓದಿದ್ದು ಒಂದ್ ಪುಸ್ತಕ ಅದ. ಅದನ್ನೇ ಓದೋಣು. ಮುಂದ ಏನಾತು ಅಂತ ನನಗ ಗೊತ್ತಾಗಬೇಕಾಗ್ಯಾದ."

ಹೆಸರು ಏನು? ಗೊತ್ತಿಲ್ಲ. ಬರೆದವರು? ಗೊತ್ತಿಲ್ಲ. ಮೊದಲಿನ ಹಾಳೆಗಳು ಹರಿದಿದ್ದವಂತೆ. ಎಷ್ಟು ದಿನವಾಯಿತು ಬಿಟ್ಟು?

"ಲಗ್ನ ಆದಾಗಿಂದ" ಎಂದಳು ಅಕ್ಕ.

ಕೇಳಿ ಕತೆ. ಅಕ್ಕ ಸೆಕೆಂಡ್ ಪಿಯುಸಿಯಲ್ಲಿದ್ದಾಗ ನಮ್ಮ ಪಕ್ಕದ ಮನೆಯ ಟೀಚರಮ್ಮ ವರ್ಗವಾಗಿ ಹೋಗುವಾಗ ಒಂದು ಕಾದಂಬರಿ ಕೊಟ್ಟಿದ್ದರು. ರಟ್ಟಿಲ್ಲದ್ದು. ಪರೀಕ್ಷೆ ಮುಗಿದ ಮೇಲೆ ಓದಬೇಕು ಅಂದುಕೊಂಡಳು. ಪರೀಕ್ಷೆ ಮುಗಿಯಿತು, ಮರುವಾರವೇ ವರ ಬಂದ. ಪುಸ್ತಕ ಟ್ರಂಕಿನಲ್ಲಿ, ಸೀರೆಗಳ ಕೆಳಗೆ, ಕರಜಗಿಗೆ ಹೋಯಿತು. ಮಧ್ಯಾಹ್ನ ಅತ್ತೆ ಅಡ್ಡಾದ ಹೊತ್ತಿನಲ್ಲಿ ನಾಲ್ಕು ನಾಲ್ಕು ಪುಟ ಓದುತ್ತ ಅರ್ಧಕ್ಕೆ ಬಂದಳು.

ಕತೆ ಇಷ್ಟು. ವಿಮಲಾ ಎಂಬ ಹೆಣ್ಣುಮಗಳು ರೈಲಿನಲ್ಲಿ ಹೊರಟಿದ್ದಾಳೆ. ಅವಳ ಕೈಯಲ್ಲಿ ಒಂದು ಪತ್ರ. ಒಡೆದಿಲ್ಲ. ಗಾಡಿ ಒಂದು ಸಣ್ಣ ಸ್ಟೇಷನ್ನಿನ ಹತ್ತಿರ ಬರುತ್ತಿದೆ. ಅಲ್ಲಿ ಇಳಿದರೆ ಒಂದು ಬಾಳು, ಇಳಿಯದಿದ್ದರೆ ಇನ್ನೊಂದು. ಪ್ಲಾಟ್‌ಫಾರ್ಮಿನಲ್ಲಿ ಕೊಡೆ ಹಿಡಿದು ಯಾರೋ ನಿಂತಿದ್ದಾರೆ. ವಿಮಲಾ ಎದ್ದು ಬಾಗಿಲ ಬಳಿ ಬಂದು ನಿಲ್ಲುತ್ತಾಳೆ. ಪುಟ ಮುಗಿಯಿತು. ಅತ್ತೆ ಕರೆದರು. ಅಕ್ಕ ತಲೆಯ ಪಿನ್ನು ತೆಗೆದು ಆ ಪುಟಕ್ಕೆ ಸಿಕ್ಕಿಸಿ ಎದ್ದಳು.

ಅಷ್ಟೇ. ಮುಂದಿನ ಪುಟ ಅವಳು ಆವರೆಗೂ ತಿರುವಿರಲಿಲ್ಲ.

"ಅಕಿ ಇಳದ್ಲೋ, ಇಳೀಲಿಲ್ಲೋ? ದಿನಾ ರೊಟ್ಟಿ ಬಡಿಯೋವಾಗ ಇದೇ ವಿಚಾರ ಮಾಡ್ತೇನಿ. ಒಂದಿನ ಇಳಸ್ತೇನಿ, ಒಂದಿನ ಹಂಗೇ ಮುಂದ ಕಳಸ್ತೇನಿ. ಮಗಳಿಗಿ ಜ್ವರಾ ಬಂದಾಗ ಗಾಡಿ ನಿಲ್ಲಲೇ ಇಲ್ಲ. ಮನ್ಯಾಗ ಜಗಳ ಆದ ದಿನ ಸೀದಾ ಮುಂಬೈತನಕ ಕಳಸಿದ್ದೆ. ಕೊಡಿ ಹಿಡ್ಕೊಂಡು ನಿಂತಾವ ಒಮ್ಮೊಮ್ಮಿ ನಮ್ಮಪ್ಪನಂಗ ಕಾಣ್ತಾನ. ಇಷ್ಟರಾಗ ಹಂಚಿನ ಮ್ಯಾಲಿಂದು ಸೀದೇ ಹೋಗಿರ್ತದ."

ಬಂತಲ್ಲ ಉತ್ತರ! ರೊಟ್ಟಿ ಸೀಯುತ್ತಿದ್ದದ್ದು ವಿಮಲಾ ಬಾಗಿಲಲ್ಲಿ ನಿಂತಿದ್ದಕ್ಕೆ.

ನಾನು ಆ ವಾಯ್ಸ್ ನೋಟನ್ನು ಮೂರು ಸಲ ಕೇಳಿದೆ. ನನ್ನ ಒಡಹುಟ್ಟಿದ ಅಕ್ಕ. ವರ್ಷಕ್ಕೆ ನಾಲ್ಕು ಸಲ ಅವಳ ಮನೆಯಲ್ಲಿ ಉಂಡು ಬರುತ್ತೇನೆ. ಬಹಳ ಹಿಂದೆ ಒಮ್ಮೆ, "ಒಬ್ಬಾಕಿ ರೈಲಿನ್ಯಾಗ ಪತ್ರ ಹಿಡ್ಕೊಂಡು ಕುಂತಿರ್ತಾಳಲ್ಲ, ಆ ಕತಿ ನಿನಗ ಗೊತ್ತದೇನು?" ಎಂದು ಕೇಳಿದ್ದಳು. ನಾನು ಉತ್ತರ ಪತ್ರಿಕೆ ತಿದ್ದುತ್ತಿದ್ದೆ. "ಅಂಥಾವು ಸಾವಿರ ಅದಾವ" ಎಂದು ಬಾಯಿ ಮುಚ್ಚಿಸಿದ್ದೆ. ಅದು ಈಗ ನೆನಪಾಗಿ ನನಗೆ ನಾಚಿಕೆಯಾಯಿತು. ಓದಿಸುವ ಚಟದವಳಂತೆ ನಾನು!

ಗ್ರೂಪಿನಲ್ಲಿ ಪೋಲ್ ಎಲ್ಲರಿಗೂ ಮರೆತುಹೋಯಿತು. ಇಳಿಯಬೇಕು ಅನ್ನುವವರು ಐವರು, ಇಳಿಯಬಾರದು ಅನ್ನುವವರು ಮೂವರು. ಶರಣಪ್ಪನವರು ಕೆಮ್ಮಿನ ಔಷಧಿ ಕೇಳಲು ಬಂದವರನ್ನು ನಿಲ್ಲಿಸಿ, "ನೀವಾಗಿದ್ರ ಇಳೀತಿದ್ರೇನ್ರಿ?" ಎಂದು ಕೇಳಿದರಂತೆ. ನೀಲಮ್ಮ ಟೀಚರ್ ಅಫಜಲಪುರದ ಬಸ್‌ಸ್ಟ್ಯಾಂಡಿನಲ್ಲಿ ಕೊಡೆ ಹಿಡಿದು ನಿಂತ ಒಬ್ಬರನ್ನು ನೋಡುತ್ತ ನೋಡುತ್ತ ತಮ್ಮ ಬಸ್ಸನ್ನೇ ಬಿಟ್ಟುಕೊಂಡರು. ನನಗೂ ಅಷ್ಟೇ. ಡಿಮಾಂಡ್ ಕರ್ವ್ ಎಳೆಯಲು ಹೋಗಿ ಬೋರ್ಡಿನ ಮೇಲೆ ರೈಲು ಹಳಿಯಂಥದ್ದೇನೋ ಎಳೆದಿದ್ದೆ. ಮೊದಲ ಓದು ಇದೇ ಎಂದು ಒಂಬತ್ತಕ್ಕೆ ಒಂಬತ್ತೂ ಓಟು ಬಿತ್ತು.

ಸರಿ. ಪುಸ್ತಕ ಎಲ್ಲಿದೆ?

ಇಲ್ಲಿದೆ ತೊಡಕು. ಪುಸ್ತಕ ದೇವರಾಗಿದೆ.

ಮದುವೆಯಾದ ವರ್ಷದ ಮಾನಾಮಿ, ಅಂದರೆ ಮಹಾನವಮಿ, ಪಿನ್ನು ಸಿಕ್ಕಿಸಿದ ಮರುದಿನವೇ ಬಂತು. ಖಂಡೆ ಪೂಜೆಯ ದಿನ, ಅದೇ ಆಯುಧಪೂಜೆ, ಎಲ್ಲರೂ ತಮ್ಮ ತಮ್ಮ ಸಾಮಾನು ದೇವರ ಜಗಲಿಯ ಮುಂದೆ ಇಡುತ್ತಾರಲ್ಲ. ಮಾವ ಕುಡುಗೋಲು ಇಟ್ಟರು, ಭಾವ ಪಂಪ್‌ಸೆಟ್ಟಿನ ನಟ್ಟು ಬಿಚ್ಚುವ ಪಾನಾ ಇಟ್ಟರು. "ನಿಂದೇನದ, ನೀನೂ ಇಡವ್ವಾ" ಎಂದರು ಅತ್ತೆ. ಹೊಸ ಸೊಸೆಯ ಹತ್ತಿರ ತನ್ನದು ಅಂತ ಏನಿರುತ್ತದೆ? ಅಕ್ಕ ಟ್ರಂಕ್ ತೆಗೆದು ಆ ಪುಸ್ತಕ ತಂದಿಟ್ಟಳು.

ಮರುದಿನ ಕುಡುಗೋಲು ಹೊಲಕ್ಕೆ ಹೋಯಿತು, ಪಾನಾ ಪಂಪ್‌ಸೆಟ್ಟಿಗೆ ಹೋಯಿತು. ಪುಸ್ತಕ? ಗಂಗಮ್ಮನವರಿಗೆ ಅಕ್ಷರ ಬಾರದು. ರಟ್ಟಿಲ್ಲದ ಹಳೇ ಪುಸ್ತಕ, ಸೊಸೆ ತವರಿನಿಂದ ತಂದದ್ದು ಬೇರೆ, ಪುರಾಣದ ಪೋಥಿಯೇ, ದೇವರ ಗ್ರಂಥವೇ ಇರಬೇಕು ಅಂದುಕೊಂಡರು. ಮನೆತನದ ದೊಡ್ಡ ಪೋಥಿಯ ಜೊತೆ ಅದನ್ನೂ ಕೆಂಪು ವಸ್ತ್ರದಲ್ಲಿ ಸುತ್ತಿ, ಗಂಟು ಹಾಕಿ, ಜಗಲಿಯ ಮೇಲಿಟ್ಟರು. ಆ ಗಂಟನ್ನು ಬಿಚ್ಚುವುದು ಶ್ರಾವಣದಲ್ಲಿ ಮಾತ್ರ. ಅದೂ ಪುರಾಣ ಹೇಳುವ ಅಯ್ಯನವರು ಬಂದಾಗ. ಆದರೆ ಊರ ಮಠದಲ್ಲಿ ಮೈಕು ಹಚ್ಚಿ ಪುರಾಣ ಹೇಳತೊಡಗಿದ ಮೇಲೆ ಮನೆಗಳಲ್ಲಿ ಪುರಾಣ ಹಚ್ಚುವುದೇ ನಿಂತುಹೋಗಿತ್ತು. ಗಂಟು ಗಂಟಾಗಿಯೇ ಉಳಿಯಿತು. ದೊಡ್ಡ ಪೋಥಿ, ಸಣ್ಣ ಪೋಥಿ. ಎರಡಕ್ಕೂ ದಿನಾ ವಿಭೂತಿ, ಹೂವು, ಊದಿನಕಡ್ಡಿ.

"ಮರುದಿನಾನೇ ಕೇಳಬಾರದಾಗಿತ್ತೇನು?" ಎಂದೆ ನಾನು ಫೋನಿನಲ್ಲಿ.

"ಹೊಸಾ ಸೊಸಿ, ಅದು ಕತಿ ಪುಸ್ತಕ ಅಂತ ಹ್ಯಾಂಗ ಹೇಳ್ಲಿ? ನಾಳಿ ಹೇಳಿದ್ರಾತು, ನಾಳಿ ಹೇಳಿದ್ರಾತು ಅಂತ ವರ್ಷ ಆತು. ಅಷ್ಟರಾಗ ಅತ್ತಿ ಅದಕ್ಕ ಹರಕಿ ಹೊರಾಕ ಸುರು ಮಾಡಿದ್ರು. ದೇವರಾದ ಮ್ಯಾಲ ಹ್ಯಾಂಗ ಕೇಳೂದು?"

ನಿಮಗೆ ಇದು ವಿಚಿತ್ರ ಅನ್ನಿಸುತ್ತಿದೆಯೇ? ನನಗೆ ಅನ್ನಿಸಲಿಲ್ಲ. ಮೊದಲ ದಿನ ಹೇಳದೆ ಬಿಟ್ಟ ಮಾತು ನಮ್ಮೆಲ್ಲರ ಮನೆಗಳಲ್ಲೂ ಯಾವುದೋ ಮೂಲೆಯಲ್ಲಿ ಹೂವು ಏರಿಸಿಕೊಂಡು ಕೂತೇ ಇರುತ್ತದೆ. (ಮದುವೆಯಾದ ಹೊಸತರಲ್ಲಿ ಅತ್ತೆಯವರ ಬದನೆಕಾಯಿ ಪಲ್ಯ ಭಾಳ ಛಲೋ ಅಂದಿದ್ದೆ. ಇಂದಿಗೂ ಬದನೆಕಾಯಿ ತಿನ್ನುತ್ತಿದ್ದೇನೆ.)

ಆದರೆ ನನಗೆ ತಾಳ್ಮೆ ಕಡಿಮೆ. "ಅತ್ತಿ ಗುಡಿಗಿ ಹೋದಾಗ ಬಿಚ್ಚಿ, ಫೋಟೋ ಹೊಡದು, ಮತ್ತ ಕಟ್ಟಿಟ್ಟುಬಿಡು" ಎಂದೆ. ಅಕ್ಕ ಸಿಟ್ಟಾದಳು. "ಜಗಲಿ ಮ್ಯಾಲಿಂದು ಕಳವು ಮಾಡು ಅಂತೀ ಏನ್ ಬೇ?" ಎಂದು ಫೋನ್ ಇಟ್ಟಳು.

ಹಾಗಾದರೆ ನಾನೇ ಹೋಗುತ್ತೇನೆ ಅಂತ ಭಾನುವಾರ ಬಸ್ ಹತ್ತಿದೆ. ಆಳಂದದಿಂದ ಅಫಜಲಪುರ, ಅಲ್ಲಿಂದ ಕರಜಗಿ. ದಾರಿಯುದ್ದಕ್ಕೂ ತೊಗರಿ, ಆಮೇಲೆ ಕಬ್ಬು. ಕಿಟಕಿಗೆ ತಲೆ ಆನಿಸಿ ಕೂತಿದ್ದೆ. ಬಸ್ಸು ಪ್ರತಿ ಊರಿನಲ್ಲಿ ನಿಂತಾಗಲೂ ಒಬ್ಬ ಹೆಣ್ಣುಮಗಳು ಬಾಗಿಲ ಹತ್ತಿರ ಎದ್ದು ನಿಲ್ಲುವಳು. ಕೆಲವರು ಇಳಿದರು. ಒಬ್ಬಾಕೆ ಇಳಿಯಹೋಗಿ, ಇದು ನಮ್ಮೂರಲ್ಲ ಅಂತ ವಾಪಸ್ ಬಂದು ಕೂತಳು. 

ಮಾತು ಹೇಗೆ ಎತ್ತಬೇಕು ಎಂದು ದಾರಿಯಲ್ಲೆಲ್ಲ ರಿಹರ್ಸಲ್ ಮಾಡಿದ್ದೆ. ಅದು ಬೇಕಾಗಲೇ ಇಲ್ಲ. ಊಟ ಮುಗಿಸಿ ಪಡಸಾಲೆಯಲ್ಲಿ ಕೂತಿದ್ದೆವು. ಗಂಗಮ್ಮನವರು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಅಕ್ಕನ ಫೋನ್ ಟಿಂಗ್ ಎಂದಿತು. ಒದ್ದೆ ಕೈಯಲ್ಲೇ ಒತ್ತಿದಳು. ಜೇವರ್ಗಿಯಿಂದ ಶರಣಪ್ಪನವರ ದನಿ ಪಡಸಾಲೆಯ ತುಂಬ ಮೊಳಗಿತು.

"ಶಕುಂತಲಕ್ಕಾ, ಜಗಲಿ ಮ್ಯಾಲಿನ ಕಾದಂಬರಿ ಗಂಟು ಬಿಚ್ಚಿದ್ರೇನ್ರಿ? ಸಣ್ಣ ಪೋಥಿ ಅಂದ್ರ ಕತಿ ಪುಸ್ತಕ ಅಂತ ನಿಮ್ಮ ಅತ್ತಿಯವ್ರಿಗಿ ಹೇಳಿದ್ರೋ ಇಲ್ಲೋ?"

ಅಕ್ಕ ಫೋನನ್ನು ಸೆರಗಿನಲ್ಲಿ ಮುಚ್ಚಿದಳು. ದನಿಯನ್ನು ಸೆರಗಿನಲ್ಲಿ ಮುಚ್ಚಲು ಆಗುತ್ತದೆಯೇ?

ಗಂಗಮ್ಮನವರು ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿದರು. "ಸಣ್ಣ ಪೋಥಿ ಪುರಾಣ ಅಲ್ಲೇನು?"

"ಅಲ್ರಿ ಅತ್ತಿ."

"ನಿನಗ ಮೊದಲಿಂದಾ ಗೊತ್ತಿತ್ತು?"

"ಹೌದ್ರಿ."

 ಹೊರಗೆ ಕಬ್ಬಿನ ಟ್ರ್ಯಾಕ್ಟರ್ ಒಂದು ಹಾದುಹೋಯಿತು. ನಾನು ಏನಾದರೂ ಹೇಳಿ ಸಂಭಾಳಿಸಬೇಕೆಂದು ಬಾಯಿ ತೆರೆದೆ. ಗಂಗಮ್ಮನವರು ಕೈ ಎತ್ತಿದರು. ಅವರ ಕಣ್ಣು ಜಗಲಿಯ ಮೇಲಿತ್ತು. ಸಿಟ್ಟಿಗಿಂತ ಹೆಚ್ಚಾಗಿ ಏನನ್ನೋ ಕಳಕೊಂಡವರ ಹಾಗೆ ಕಂಡರು.

"ನನ್ನ ಮಗ ದವಾಖಾನ್ಯಾಗ ಬಿದ್ದಾಗ ಅದರ ಮುಂದ ಕುಂತು ಅತ್ತೇನಿ. ನಿನ್ನ ಎರಡನೇ ಬಾಣಂತನ ಕಷ್ಟ ಆದಾಗ ಅದಕ್ಕ ಬೇಡ್ಕೊಂಡೇನಿ. ನಿಮ್ಮ ಮಾವ ತೀರ್ಕೊಂಡ ಮ್ಯಾಲ ನನ್ನ ದುಃಖ ಎಲ್ಲಾ ಅದರ ಮುಂದೇ ಹೇಳೇನಿ. ಅದು ದೇವರಲ್ಲ ಅಂದ್ರ, ಅವನ್ನೆಲ್ಲಾ ಇಷ್ಟ್ ದಿನ ಯಾರ್ ಕೇಳಿಸ್ಕೊಂಡ್ರು?"

ನಾನು ಅಕ್ಕನ ಕಡೆ ನೋಡಿದೆ. 

"ನಾ ಕೇಳಿಸ್ಕೊಂಡೇನ್ರಿ ಅತ್ತಿ" ಎಂದಳು ಅಕ್ಕ. "ಆರತಿ ತಾಟು ಹಿಡ್ಕೊಂಡು ನಿಮ್ಮ ಹಿಂದ ನಾನೇ ನಿಂತಿರ್ತಿದ್ದೆ. ಒಂದೂ ಬಿಟ್ಟಿಲ್ರಿ. ನನ್ನ ಕೈಯಾಗಿನ ರೊಟ್ಟಿ ಸೀಯಬಾರದು ಅಂತ ಬೇಡಿದ್ದೂ ಕೇಳೇನಿ."

ಗಂಗಮ್ಮನವರು ಸೊಸೆಯ ಮುಖವನ್ನೇ ನೋಡಿದರು.  ಆಮೇಲೆ ಅವರ ಬಾಯಿಯ ಒಂದು ಮೂಲೆ ಅಲುಗಿತು.

"ಅದೊಂದು ನಡೀಲೇ ಇಲ್ಲ ನೋಡು" ಎಂದರು.

ಹೇಗೆ ನಡೆಯಬೇಕು? ರೊಟ್ಟಿ ಸುಡುತ್ತಿದ್ದ ಪುಸ್ತಕಕ್ಕೇ ರೊಟ್ಟಿ ಸುಡಬೇಡ ಅಂತ ಅರ್ಜಿ ಹಾಕಿದ್ದರಲ್ಲ! ಅಕ್ಕ ನಕ್ಕಳು. ನಗುತ್ತಲೇ ಅತ್ತಳು. ನಾನೂ ಕಣ್ಣೊರೆಸಿಕೊಂಡೆ. ಗಂಗಮ್ಮನವರು ಮಾತ್ರ ಎಲೆ ಮಡಚಿ ಬಾಯಿಗಿಟ್ಟುಕೊಂಡು, "ಒಳಗ ಏನದ ಅಂತ ನನಗೂ ಗೊತ್ತಾಗ್ಲಿ. ತಗೀ ಗಂಟು" ಎಂದರು.

ಗಂಟು ಬಿಚ್ಚಿಕೊಳ್ಳಲು ಒಪ್ಪಲಿಲ್ಲ. ಎಣ್ಣೆ, ವಿಭೂತಿ, ವರ್ಷಗಳ ಹೊಗೆ ಕೂಡಿ ಕಲ್ಲಾಗಿತ್ತು. ಗಂಗಮ್ಮನವರೇ ಹಲ್ಲಿನಿಂದ ಬಿಚ್ಚಿದರು. ಒಳಗೆ ದೊಡ್ಡ ಪೋಥಿ, ಅದರ ಮೇಲೆ ರಟ್ಟಿಲ್ಲದ ಕಾದಂಬರಿ. ಮೂಲೆಗಳು ಹಳದಿಯಾಗಿದ್ದವು, ಹುಳ ಹತ್ತಿರಲಿಲ್ಲ. ನಟ್ಟನಡುವೆ ತುಕ್ಕು ಹಿಡಿದ ಪಿನ್ನು. ಅಕ್ಕನ ಬೆರಳು ನೇರವಾಗಿ ಆ ಪಿನ್ನಿಗೆ ಹೋಯಿತು. ಇಪ್ಪತ್ತಾರು ವರ್ಷ ಕಾದ ಬೆರಳು, ಇನ್ನೇನು ಪುಟ ತಿರುವಬೇಕು.

"ಏ, ನಿಲ್ಲು" ಎಂದರು ಅತ್ತೆ. "ನಡುವಿಂದ ಯಾರರೆ ಓದ್ತಾರೇನು? ಜಗಲಿ ಮ್ಯಾಲಿಂದ ಇಳದದ್ದು ಮೊದಲಿಂದಾನೇ ಓದಬೇಕು. ಮನಸ್ಸಿನಾಗ ಓದಂಗಿಲ್ಲ, ಎಲ್ಲಾರಿಗಿ ಕೇಳಂಗ ಓದಬೇಕು. ಕೂತವರು ನಡುವ ಏಳಂಗಿಲ್ಲ. ಸಾಕು ಅಂದಲ್ಲಿ ನಿಲ್ಲಸಬೇಕು. ಮುಗಿದ ದಿನ ಹುಗ್ಗಿ ಮಾಡಬೇಕು."

ಹೀಗೆ ನಮ್ಮ ಗ್ರೂಪಿಗೆ ನಿಯಮಾವಳಿ ಸಿಕ್ಕಿತು. ನಾನು ಹನ್ನೊಂದು ದಿನ ಬಡಿದಾಡಿದರೂ ಸಿಕ್ಕಿರಲಿಲ್ಲ. ಪುಸ್ತಕಕ್ಕೆ ಎರಡನೇ ಪ್ರತಿ ಇಲ್ಲ, ಹೆಸರೇ ಇಲ್ಲದ್ದನ್ನು ಎಲ್ಲಿ ಕೊಳ್ಳುವುದು? ಆದ್ದರಿಂದ ಪ್ರತಿ ಭಾನುವಾರ ನಾಲ್ಕು ಗಂಟೆಗೆ ಅಕ್ಕ ಕರಜಗಿಯ ಪಡಸಾಲೆಯಲ್ಲಿ ಕೂತು ವಿಡಿಯೊ ಕಾಲಿನಲ್ಲಿ ಓದುತ್ತಾಳೆ. ಪಕ್ಕದಲ್ಲಿ ಗಂಗಮ್ಮನವರು. ನನ್ನ ಮೊಬೈಲಿನಲ್ಲಿ ಪುಟ್ಟ ಪುಟ್ಟ ಕಿಟಕಿಗಳು. ಒಂದರಲ್ಲಿ ಮೆಡಿಕಲ್ ಶಾಪಿನ ಬಾಟಲಿಗಳು, ಒಂದರಲ್ಲಿ ಯಾರದೋ ಮನೆಯ ಫ್ಯಾನು ಮಾತ್ರ, ಒಂದರಲ್ಲಿ ನೀಲಮ್ಮ ಟೀಚರ್ ಅವರ ಅರ್ಧ ಮುಖ. ಗುಲಾಬಿ ಕಳಿಸುವವರೂ ಸುಮ್ಮನೆ ಕೂತಿರುತ್ತಾರೆ. ಅಕ್ಕನ ದನಿ ಅಷ್ಟು ಚೆನ್ನಾಗಿದೆ ಎಂದು ನನಗೇ ಗೊತ್ತಿರಲಿಲ್ಲ. ಬಿಸಿಲು ಇಳಿಯುತ್ತಿರುತ್ತದೆ, ಚಹಾ ಆರುತ್ತಿರುತ್ತದೆ, ಮೂರು ತಾಲ್ಲೂಕಿನ ಮೇಲೆ ಒಂದೇ ರೈಲು ನಿಧಾನಕ್ಕೆ ಹೋಗುತ್ತಿರುತ್ತದೆ. ಸ್ಟಾಫ್ ರೂಮಿನಲ್ಲಿ ನಾನು ಕಂಡ ಕನಸು ಇದಕ್ಕಿಂತ ಸಣ್ಣದಿತ್ತು.

ಹೋದ ಭಾನುವಾರ ಪಿನ್ನಿನ ಪುಟ ಬಂತು.

ಯಾರಿಗೂ ಹೇಳಬೇಕಾಗಿರಲಿಲ್ಲ. ಶರಣಪ್ಪನವರು ಅಂಗಡಿಯ ಶಟರ್ ಅರ್ಧ ಎಳೆದು ಕೂತಿದ್ದರು. ಅಕ್ಕ ಓದಿದಳು, ಗಾಡಿಯ ವೇಗ ಕಡಿಮೆಯಾಯಿತು, ವಿಮಲಾ ಎದ್ದಳು, ಬಾಗಿಲ ಬಳಿ ಬಂದು ನಿಂತಳು. ಅಲ್ಲಿಗೆ ನಿಲ್ಲಿಸಿದಳು. ಪಿನ್ನು ತೆಗೆದಳು. ಕಾಗದದ ಮೇಲೆ ಅದರ ಕಂದು ಗುರುತು ಉಳಿದಿತ್ತು.

ಗಂಗಮ್ಮನವರು ಮೆತ್ತಗೆ ಕೇಳಿದರು. "ಓದೂಕಿಂತ ಮೊದ್ಲ ಒಂದ್ ಮಾತು ಹೇಳು. ನೀ ಅಕಿನ್ನ ಇಳಸೂದು ಹೆಚ್ಚೋ, ಕಳಸೂದು ಹೆಚ್ಚೋ?"

"ಮೊದಮೊದಲ ದಿನಾ ಕಳಸ್ತಿದ್ದೆರಿ ಅತ್ತಿ" ಎಂದಳು ಅಕ್ಕ. "ಈಚೀಚಿಗಿ ಇಳಸ್ತೇನಿ."

ಅತ್ತೆ ಸೊಸೆಯ ಮೊಣಕಾಲ ಮೇಲೆ ಕೈ ಇಟ್ಟುಕೊಂಡು ಕೂತರು. ಅಕ್ಕ ಪುಟ ತಿರುವಿದಳು.  ಅವಳು ಓದಿದಳು:

"ಗಾಡಿ ನಿಂತಿತು. ವಿಮಲಾ ಇಳಿದಳು. ಬಿಸಿಲಿತ್ತು."

ಮುಂದೆ? ಮುಂದೆ ಜಟಕಾದವನ ಜೊತೆ ಚೌಕಾಶಿ. ಅಷ್ಟೇ! ಕೊಡೆ ಹಿಡಿದು ನಿಂತವನು ಬೇರೆ ಯಾರನ್ನೋ ಕರೆದೊಯ್ಯಲು ಬಂದ ಸ್ಟೇಷನ್ನಿನ ಕೂಲಿ. ಬರೆದವರಿಗೆ ಅದೊಂದು ದೊಡ್ಡ ಸಂಗತಿಯೇ ಆಗಿರಲಿಲ್ಲ. ಎರಡು ಶಬ್ದದಲ್ಲಿ ಇಳಿಸಿ ಮುಂದೆ ಹೋಗಿದ್ದರು. ಪುಸ್ತಕ ಇನ್ನೂ ಅರ್ಧ ಬಾಕಿ ಇತ್ತು.

 ಅಕ್ಕ ಆ ಸಾಲನ್ನು ಇನ್ನೊಮ್ಮೆ ಓದಿದಳು. "ಇಷ್ಟೇನಾ?" ಎಂದಳು. ಮೊದಲು ನಕ್ಕಳು. ಆಮೇಲೆ ಅವಳ ಮುಖ ಸಣ್ಣದಾಯಿತು. ದೂರದಿಂದಲೇ ನನಗದು ಕಂಡಿತು. ಎಷ್ಟೋ ವರ್ಷ ಜೊತೆಗಿದ್ದವರು ಹೇಳದೆ ಕೇಳದೆ ಎದ್ದುಹೋದ ಹಾಗೆ ಅನ್ನಿಸಿರಬೇಕು.

"ಅತ್ತಿ, ನಾಳಿಂದ ರೊಟ್ಟಿ ಬಡಿಯೋವಾಗ ನಾ ಏನ್ ವಿಚಾರ ಮಾಡ್ಲಿ?"

ಗಂಗಮ್ಮನವರು ಪುಸ್ತಕವನ್ನು ಅವಳ ಕೈಯಿಂದ ತೆಗೆದುಕೊಂಡರು. ಅದೇ ತುಕ್ಕು ಹಿಡಿದ ಪಿನ್ನನ್ನು ಹೊಸ ಪುಟಕ್ಕೆ ಸಿಕ್ಕಿಸಿ, ಮುಚ್ಚಿ, ಕೆಂಪು ವಸ್ತ್ರದ ಮೇಲಿಟ್ಟರು.

"ಅಕಿ ಇನ್ನಾ ಪತ್ರ ಒಡದಿಲ್ಲಲ್ಲ" ಎಂದರು. "ಇವತ್ತಿಗಿ ಸಾಕು."

ಈಗ ನೀವೇ ಹೇಳಿ, ಈ ವಾರ ಮೂರು ತಾಲ್ಲೂಕಿನಲ್ಲಿ ಸೀದುಹೋಗುವ ರೊಟ್ಟಿಗಳಿಗೆ ಯಾರು ಹೊಣೆ?